ಗುಂಡಿಯಲ್ಲ, ಜಾಡು: ಬಂಡಿಯ ಹಾದಿಯಿಂದ ಬಸ್ ನಿಲುಗಡೆಯವರೆಗೆ ಗಾಲಿಗುರುತಿನ ಚರಿತ್ರೆ

1. ಪ್ರವೇಶ

ರಸ್ತೆಗಳ ಚರಿತ್ರೆ ಬಹುಮಟ್ಟಿಗೆ ಅವುಗಳನ್ನು ಕಟ್ಟಿಸಿದವರ ಚರಿತ್ರೆಯಾಗಿಯೇ ಬರೆಯಲ್ಪಟ್ಟಿದೆ. ಅರಸರು, ಕಮಿಷನರುಗಳು, ಮುಖ್ಯ ಇಂಜಿನಿಯರುಗಳು ಈ ಚರಿತ್ರೆಯ ನಾಯಕರು. ಮೈಲಿಗಳ ಲೆಕ್ಕ, ಸೇತುವೆಗಳ ಲೆಕ್ಕ ಅದರ ಸಾಮಗ್ರಿ. ಕಟ್ಟಿದ ರಸ್ತೆ ಹೇಗೆ ಸವೆಯಿತು, ಯಾವ ಭಾರಕ್ಕೆ ಎಲ್ಲಿ ಬಾಗಿತು, ಅದನ್ನು ಸರಿಪಡಿಸಿದವರು ಏನನ್ನು ಅರಿತಿದ್ದರು ಎಂಬ ಪ್ರಶ್ನೆಗಳು ಈ ಬರವಣಿಗೆಯಲ್ಲಿ ಹಿಂದೆ ಸರಿದಿವೆ. ರಸ್ತೆಯ ನಿಜವಾದ ಬಾಳು ಇರುವುದು ಈ ಸವೆತದಲ್ಲಿಯೇ.

ನಗರಗಳ ಬಸ್ ನಿಲುಗಡೆಗಳಲ್ಲಿ ಡಾಂಬರು ರಸ್ತೆಯ ಮೇಲೆ ಎರಡು ಉದ್ದನೆಯ ತಗ್ಗುಗಳು ಸಮಾನಾಂತರವಾಗಿ ಮೂಡುವುದು, ಅವುಗಳ ಬದಿಯಲ್ಲಿ ಡಾಂಬರು ಬದುವಿನಂತೆ ಉಬ್ಬಿ ನಿಲ್ಲುವುದು ಎಲ್ಲರೂ ಕಂಡ ಸಂಗತಿ. ಇಂಜಿನಿಯರಿಂಗ್ ಪರಿಭಾಷೆಯಲ್ಲಿ ಇದು ‘ರಟ್ಟಿಂಗ್’. ದಿನಬಳಕೆಯ ನಗರ ಕನ್ನಡದಲ್ಲಿ ಇದಕ್ಕೆ ಪ್ರತ್ಯೇಕ ಹೆಸರಿಲ್ಲ. ರಸ್ತೆಯ ಮೇಲಿನ ಬಹುತೇಕ ಎಲ್ಲ ಕೆಡುಕೂ ‘ಗುಂಡಿ’ ಎಂಬ ಒಂದೇ ಮಾತಿನೊಳಗೆ ಸೇರಿಹೋಗುತ್ತದೆ. ಆದರೆ ಇವೆರಡೂ ಒಂದೇ ಅಲ್ಲ. ಗುಂಡಿ ಬಿದ್ದ ಕಡೆ ರಸ್ತೆಯ ಸಾಮಗ್ರಿ ಕಿತ್ತು ಹೋಗಿರುತ್ತದೆ. ಜಾಡು ಬಿದ್ದ ಕಡೆ ಸಾಮಗ್ರಿ ಅಲ್ಲಿಯೇ ಇರುತ್ತದೆ. ಭಾರಕ್ಕೆ ಸಿಕ್ಕಿ ಕೆಳಕ್ಕೆ ಕುಸಿದಿರುತ್ತದೆ ಅಥವಾ ಪಕ್ಕಕ್ಕೆ ಸರಿದಿರುತ್ತದೆ. ಮೊದಲನೆಯದನ್ನು ತುಂಬಬಹುದು. ಎರಡನೆಯದನ್ನು ತುಂಬಿದರೆ ಕೆಲವೇ ತಿಂಗಳಲ್ಲಿ ಅದು ಮರಳಿ ಮೂಡುತ್ತದೆ.

ಬಂಡಿಯ ಕಾಲದ ಕನ್ನಡಕ್ಕೆ ಈ ಭೇದ ತಿಳಿದಿತ್ತು. ‘ಜಾಡು’ ಎಂಬ ಪದ ಆ ತಿಳಿವಳಿಕೆಯ ಕುರುಹು. ಆ ಪದದ ಬೆನ್ನುಹಿಡಿದು ಗಾಲಿಗುರುತಿನ ಚರಿತ್ರೆಯನ್ನೂ ಇಂದಿನ ಬಸ್ ನಿಲುಗಡೆಗಳಲ್ಲಿ ಅದರ ದುರಸ್ತಿಯ ಕ್ರಮವನ್ನೂ ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

2. ಜಾಡು: ಪದ ಮತ್ತು ಅನುಭವ

ಕನ್ನಡದಲ್ಲಿ ‘ಜಾಡು’ ಎಂದರೆ ಗುರುತು, ದಾರಿ, ನಡೆದುಹೋದುದರ ಸಾಕ್ಷಿ. ‘ಜಾಡು ಹಿಡಿ’ ಎಂದರೆ ಗುರುತನ್ನು ಅನುಸರಿಸಿ ಮೂಲವನ್ನು ಹುಡುಕು ಎಂದರ್ಥ. ‘ಗಾಡಿಜಾಡು’ ಎಂಬ ಸಮಾಸದಲ್ಲಿ ಈ ಅರ್ಥಗಳೆಲ್ಲ ಒಟ್ಟಿಗೆ ಇವೆ. ಅದು ಗಾಲಿ ಕೊರೆದ ಗೆರೆಯೂ ಹೌದು, ಮುಂದಿನ ಗಾಡಿ ಹೋಗಬೇಕಾದ ದಾರಿಯೂ ಹೌದು. ಮಳೆನೀರು ಕೊರೆದ ದಾರಿಗೆ ‘ಕೊರಕಲು’ ಎಂಬ ಬೇರೆ ಮಾತಿದೆ. ಇಳಿಜಾರಾದ ನೆಲಕ್ಕೆ ‘ತಗ್ಗು’ ಎಂಬ ಮಾತಿದೆ. ನೀರು ಮಾಡಿದ್ದು ಯಾವುದು, ಗಾಲಿ ಮಾಡಿದ್ದು ಯಾವುದು, ನೆಲದ ಸಹಜ ಗುಣ ಯಾವುದು ಎಂಬ ವಿಂಗಡಣೆ ಈ ಪದಗಳಲ್ಲಿ ಅಡಕವಾಗಿದೆ. ಹೆಸರಿನಲ್ಲಿಯೇ ಕಾರಣವನ್ನು ಸೂಚಿಸುವ ಪದಕೋಶವಿದು.

ಹಳ್ಳಿಯ ಗಾಡಿಕಾರನಿಗೆ ಜಾಡು ಅನುಕೂಲವೂ ಆಗಿತ್ತು, ತೊಡಕೂ ಆಗಿತ್ತು. ರಾತ್ರಿಯ ಪಯಣದಲ್ಲಿ ಪಳಗಿದ ಎತ್ತುಗಳು ಜಾಡು ಬಿಡದೆ ನಡೆಯುತ್ತಿದ್ದುದರಿಂದ ಗಾಡಿ ಹೊಡೆಯುವವನು ಒಂದಿಷ್ಟು ಕಣ್ಣುಮುಚ್ಚಬಹುದಿತ್ತು. ಮಳೆಗಾಲದಲ್ಲಿ, ಅದರಲ್ಲಿಯೂ ಬಯಲುಸೀಮೆಯ ಎರೆನೆಲದಲ್ಲಿ, ಅದೇ ಜಾಡು ಗಾಲಿಯನ್ನು ಗುಂಬದವರೆಗೆ ನುಂಗುತ್ತಿತ್ತು. ಎರೆಮಣ್ಣು ನೀರು ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗಿ ಬಿರಿಯುತ್ತದೆ. ನೆನೆದಾಗ ಭಾರ ಹೊರುವ ಶಕ್ತಿಯನ್ನು ಬಹುಪಾಲು ಕಳೆದುಕೊಳ್ಳುತ್ತದೆ. ಆದ್ದರಿಂದ ಹಸಿ ಎರೆಯ ಹಾದಿಯಲ್ಲಿ ಹೇರು ಹೊಡೆಯದಿರುವುದು, ಹಳೆಯ ಜಾಡನ್ನು ಬಿಟ್ಟು ಪಕ್ಕದಲ್ಲಿ ಹೊಸ ಜಾಡು ಮಾಡಿಕೊಳ್ಳುವುದು, ತಗ್ಗಿಗೆ ಗರಸು ಸುರಿಯುವ ಮೊದಲು ನೀರಿಗೆ ದಾರಿ ಬಿಡಿಸುವುದು ರೂಢಿಯ ವಿವೇಕವಾಗಿದ್ದವು. ಇದನ್ನು ವಿಜ್ಞಾನವೆಂದು ಹಿಗ್ಗಿಸಿ ಹೇಳಬೇಕಾಗಿಲ್ಲ. ಆದರೆ ಜಾಡಿನ ಕಾರಣ ಮೇಲ್ಮೈಯಲ್ಲಿ ಮಾತ್ರ ಇರುವುದಿಲ್ಲ, ನೆಲದೊಳಗೂ ನೀರಿನಲ್ಲೂ ಇರುತ್ತದೆ ಎಂಬ ಗ್ರಹಿಕೆ ಇದರಲ್ಲಿದೆ.

ದೇವಾಲಯಗಳ ತೇರಿನ ವ್ಯವಸ್ಥೆಯನ್ನೂ ಇಲ್ಲಿ ಗಮನಿಸಬೇಕು. ಹಲವು ಟನ್ ತೂಗುವ ತೇರು ವರ್ಷದಲ್ಲಿ ಒಂದೆರಡು ದಿನ ಚಲಿಸಿ ಉಳಿದ ಕಾಲವೆಲ್ಲ ಒಂದೇ ಕಡೆ ನಿಂತಿರುತ್ತದೆ. ಅದು ನಿಲ್ಲುವ ನೆಲೆಯಲ್ಲಿ ಗಾಲಿಗಳ ಕೆಳಗೆ ಕಲ್ಲುಚಪ್ಪಡಿ ಹಾಸುವ ರೂಢಿ ಉಂಟು. ರಥಬೀದಿಯ ಇತರ ಭಾಗ ಮಣ್ಣಿನದಾಗಿದ್ದರೂ ನಡೆಯುತ್ತದೆ, ಭಾರ ನಿಲ್ಲುವ ಕಡೆ ಕಲ್ಲು ಬೇಕು. ಚಲಿಸುವ ಭಾರ ಮತ್ತು ನಿಂತ ಭಾರ ನೆಲದ ಮೇಲೆ ಬೇರೆ ಬೇರೆ ರೀತಿಯಲ್ಲಿ ವರ್ತಿಸುತ್ತವೆ ಎಂಬುದು ಈ ರೂಢಿಯ ತಳದಲ್ಲಿರುವ ತಿಳಿವು. ಬಸ್ ನಿಲುಗಡೆಯ ಸಮಸ್ಯೆಯ ತಿರುಳೂ ಇದೇ ಆಗಿದೆ.

3. ಗಾಲಿಯನ್ನು ಬದಲಿಸುವುದೆ, ದಾರಿಯನ್ನು ಬದಲಿಸುವುದೆ?

ಜಾಡಿನ ಸಮಸ್ಯೆ ಗಾಲಿಯಷ್ಟೇ ಹಳೆಯದು. ಅದಕ್ಕೆ ಬೇರೆ ಬೇರೆ ನಾಡುಗಳು ಕಂಡುಕೊಂಡ ಉತ್ತರಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು: ಗಾಲಿಯನ್ನು ನಿಯಂತ್ರಿಸುವುದು, ದಾರಿಯನ್ನು ಬಲಪಡಿಸುವುದು.

ಕ್ರಿ.ಪೂ. 221ರಲ್ಲಿ ಚೀನಾವನ್ನು ಒಂದುಗೂಡಿಸಿದ ಚಿನ್ ಸಾಮ್ರಾಟನು ಲಿಪಿ, ತೂಕ, ಅಳತೆಗಳ ಜೊತೆಗೆ ಗಾಡಿಗಳ ಅಚ್ಚಿನ ಅಗಲವನ್ನೂ ಏಕರೂಪಗೊಳಿಸಿದನು. ಎಲ್ಲ ಗಾಡಿಗಳೂ ಒಂದೇ ಜಾಡಿನಲ್ಲಿ ಸಾಗಲಿ ಎಂಬುದು ಇದರ ಉದ್ದೇಶ. ಇಲ್ಲಿ ಜಾಡನ್ನು ಅಳಿಸುವ ಪ್ರಯತ್ನವಿಲ್ಲ. ಅದನ್ನು ಒಪ್ಪಿಕೊಂಡು ರಾಜ್ಯದ ವ್ಯವಸ್ಥೆಯಾಗಿಸಲಾಗಿದೆ.

ಇಟಲಿಯ ಪಾಂಪೇ ನಗರ ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹುದುಗಿದಾಗ ಅದರ ಬೀದಿಗಳ ಗಟ್ಟಿ ಕಲ್ಲುಹಾಸಿನಲ್ಲಿ ಆಳವಾದ ಗಾಲಿಗುರುತುಗಳಿದ್ದವು. ಪುರಾತತ್ತ್ವಜ್ಞ ಎರಿಕ್ ಪೋಲರ್ ಈ ಗುರುತುಗಳನ್ನು ಆಧರಿಸಿ ನಗರದ ವಾಹನ ಸಂಚಾರದ ವ್ಯವಸ್ಥೆಯನ್ನು ವಿವರಿಸಿದ್ದಾರೆ. ಅವರೂ ಸಂಗಡಿಗರೂ 2019ರಲ್ಲಿ ಪ್ರಕಟಿಸಿದ ಅಧ್ಯಯನ ಮತ್ತೊಂದು ಸಂಗತಿಯನ್ನು ಬೆಳಕಿಗೆ ತಂದಿತು. ಸವೆದ ಬೀದಿಗಳನ್ನು ಸರಿಪಡಿಸಲು ಅಲ್ಲಿನವರು ಕರಗಿಸಿದ ಕಬ್ಬಿಣವನ್ನು ಕಲ್ಲುಗಳ ಸಂದಿಗೂ ಗಾಲಿಗುರುತಿಗೂ ಹೊಯ್ದಿದ್ದರು. ಇಡೀ ಬೀದಿಯ ಕಲ್ಲುಹಾಸನ್ನು ಕಿತ್ತು ಹೊಸದಾಗಿ ಹಾಸುವುದು ವೆಚ್ಚದ ಕೆಲಸ. ಅಷ್ಟು ಕಾಲ ಬೀದಿಯನ್ನು ಮುಚ್ಚಬೇಕಾಗುತ್ತದೆ. ಸಂಚಾರ ನಿಲ್ಲಿಸದೆ ದುರಸ್ತಿ ಮಾಡಬೇಕೆಂಬ ಒತ್ತಡ ಇಂದಿನದು ಮಾತ್ರವಲ್ಲ ಎಂಬುದಕ್ಕೆ ಇದು ನಿದರ್ಶನ.

ಇಂಗ್ಲೆಂಡಿನಲ್ಲಿ 1753ರ ಅಗಲಗಾಲಿ ಕಾಯಿದೆ ಸುಂಕದ ರಸ್ತೆಗಳಲ್ಲಿ ಓಡುವ ಭಾರಿ ಬಂಡಿಗಳ ಗಾಲಿ ಕನಿಷ್ಠ 9 ಅಂಗುಲ ಅಗಲವಿರಬೇಕೆಂದು ವಿಧಿಸಿತು. ಅಗಲವಾದ ಗಾಲಿ ನೆಲವನ್ನು ಕೊರೆಯದೆ ಉರುಳುಕಲ್ಲಿನಂತೆ ಒತ್ತೀತು ಎಂಬುದು ಶಾಸನ ಮಾಡಿದವರ ಎಣಿಕೆ. ಈ ವಾದವನ್ನು ಜಾನ್ ಲೌಡನ್ ಮೆಕಾಡಮ್ ತಿರುಗಿಸಿಹಾಕಿದನು. 1816ರಲ್ಲಿ ಬ್ರಿಸ್ಟಲ್ ರಸ್ತೆಗಳ ಮೇಲ್ವಿಚಾರಕನಾದ ಆತನ ಪ್ರಕಾರ ರಸ್ತೆಯೇ ಸಂಚಾರಕ್ಕೆ ತಕ್ಕಂತಿರಬೇಕು. ಭಾರವನ್ನು ಕೊನೆಗೆ ಹೊರುವುದು ಕೆಳಗಿನ ನೆಲ. ನೆಲ ಒಣಗಿದ್ದರೆ ಎಷ್ಟು ಭಾರವನ್ನಾದರೂ ಹೊರುತ್ತದೆ. ಮೇಲಿನ ಜಲ್ಲಿಯ ಪದರ ನೆಲಕ್ಕೆ ನೀರಿಳಿಯದಂತೆ ತಡೆಯುವ ಸೂರು. 6 ಔನ್ಸ್, ಎಂದರೆ ಸುಮಾರು 170 ಗ್ರಾಂ ಮೀರದ ಒಡೆದ ಕಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡು ಈ ಸೂರಾಗುತ್ತವೆ. ಎರಡು ಶತಮಾನ ಕಳೆದರೂ ಒಣ ನೆಲ, ಮೂಲೆಯುಳ್ಳ ಒಡೆಗಲ್ಲು, ನೀರು ಹರಿಯುವ ಇಳಿಜಾರು ಎಂಬ ಈ ಮೂರು ತತ್ತ್ವಗಳು ರಸ್ತೆ ನಿರ್ಮಾಣದ ಅಡಿಪಾಯವಾಗಿಯೇ ಉಳಿದಿವೆ.

4. ಮೈಸೂರು ಸೀಮೆಯಲ್ಲಿ ಗಾಲಿ ಮತ್ತು ಜಲ್ಲಿ

ಮೆಕಾಡಮ್‌ನ ಪದ್ಧತಿ ಇಂಗ್ಲಿಷರ ಆಡಳಿತದೊಂದಿಗೆ ಮೈಸೂರು ಸೀಮೆಯನ್ನೂ ತಲುಪಿತು. ಅದಕ್ಕೆ ಮುಂಚೆ ದೂರದ ಸರಕು ಸಾಗಣೆ ಬಹುಪಾಲು ಹೇರೆತ್ತುಗಳ ಬೆನ್ನಿನ ಮೇಲೆ ನಡೆಯುತ್ತಿತ್ತು. ಉಪ್ಪು, ಧಾನ್ಯಗಳನ್ನು ಹೊತ್ತ ಲಂಬಾಣಿಗಳ ಎತ್ತಿನ ಹಿಂಡುಗಳು ಘಟ್ಟ ಹತ್ತಿ ಇಳಿಯುತ್ತಿದ್ದವು. ಗೊರಸಿನ ದಾರಿಗೂ ಗಾಲಿಯ ದಾರಿಗೂ ಮೂಲಭೂತ ವ್ಯತ್ಯಾಸವಿದೆ. ಗೊರಸು ನೆಲವನ್ನು ಹರಡಿ ತುಳಿಯುತ್ತದೆ. ಗಾಲಿ ಒಂದೇ ಗೆರೆಯನ್ನು ಮತ್ತೆ ಮತ್ತೆ ಒತ್ತುತ್ತದೆ. ಸರಕು ಎತ್ತಿನ ಬೆನ್ನಿನಿಂದ ಬಂಡಿಗೆ ಇಳಿದಾಗ ಜಾಡಿನ ಸಮಸ್ಯೆಯೂ ಜೊತೆಯಲ್ಲಿ ಬಂದಿತು.

1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಅವರ ಆಡಳಿತ ಕಾಲದಲ್ಲಿ ಸಂಸ್ಥಾನದಲ್ಲಿ ಸುಮಾರು 1,600 ಮೈಲಿ ರಸ್ತೆ ನಿರ್ಮಾಣವಾಯಿತು. ಘಟ್ಟದ ದಾರಿಗಳು ಬಂಡಿಗೆ ತೆರೆದುಕೊಂಡವು. 1856ರಲ್ಲಿ ಲೋಕೋಪಯೋಗಿ ಇಲಾಖೆ ರೂಪುಗೊಂಡಿತು. ಈ ರಸ್ತೆಗಳ ಹಿಂದಿದ್ದ ದುಡಿಮೆಯ ಬಹುಪಾಲು ಕಲ್ಲೊಡೆಯುವ, ಮಣ್ಣು ಹೊರುವ ಕಾಯಕದವರದು. ಒಡ್ಡ ಸಮುದಾಯದ ಗಂಡಸರೂ ಹೆಂಗಸರೂ ಇದರಲ್ಲಿ ಮುಖ್ಯರು. ರಸ್ತೆ ಬದಿಯಲ್ಲಿ ಕುಳಿತು ಸುತ್ತಿಗೆಯಿಂದ ಜಲ್ಲಿ ಒಡೆಯುವುದು ಕಲ್ಲು ಅರೆಯುವ ಯಂತ್ರಗಳು ಹರಡುವವರೆಗೂ ಕನ್ನಡನಾಡಿನ ಸಾಮಾನ್ಯ ನೋಟವಾಗಿತ್ತು.

ಈ ಜಲ್ಲಿರಸ್ತೆಯ ಶತ್ರುವಾಗಿದ್ದುದು ಕಬ್ಬಿಣದ ಪಟ್ಟಿ ಬಿಗಿದ ಬಂಡಿಗಾಲಿ. ಪಟ್ಟಿ ಗಾಲಿಯ ಮರವನ್ನು ಕಾಪಾಡಿತು, ರಸ್ತೆಯನ್ನು ಸವೆಸಿತು. ಇಕ್ಕಟ್ಟಾದ ಪಟ್ಟಿಯಂಚು ಜಲ್ಲಿಯನ್ನು ಪುಡಿಮಾಡುತ್ತಿತ್ತು. ಇದಕ್ಕೆ ಎರಡು ಪರಿಹಾರಗಳನ್ನು ಯೋಚಿಸಲಾಯಿತು. ಒಂದು, ಗಾಲಿ ಓಡುವ ಎರಡು ಗೆರೆಗಳಿಗಷ್ಟೇ ಕಲ್ಲು ಅಥವಾ ಕಾಂಕ್ರೀಟ್ ಪಟ್ಟಿಗಳನ್ನು ಹಾಕುವುದು. ಎರಡು, ಬಂಡಿಗೆ ಗಾಳಿ ತುಂಬಿದ ರಬ್ಬರ್ ಗಾಲಿಯನ್ನು ಜೋಡಿಸುವುದು. ಎರಡನೆಯದರ ಪರವಾಗಿ ಬೆಂಗಳೂರಿನ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಅವರು 1970ರ ದಶಕದಿಂದ ಪಟ್ಟುಹಿಡಿದು ದುಡಿದರು. ಎತ್ತಿನ ಗಾಡಿಯ ಸುಧಾರಣೆ ಎತ್ತಿನ ಹೆಗಲಿಗೂ ರಸ್ತೆಯ ಬಾಳಿಕೆಗೂ ಸಂಬಂಧಿಸಿದ್ದು ಎಂಬುದು ಅವರ ನಿಲುವಾಗಿತ್ತು.

ಅಷ್ಟರಲ್ಲಿ ರಸ್ತೆಯ ಸ್ವರೂಪವೇ ಬದಲಾಗಿತ್ತು. ಮೋಟಾರು ಕಾರಿನ ರಬ್ಬರ್ ಗಾಲಿಗಳು ಜಲ್ಲಿರಸ್ತೆಯ ನುಣುಪು ಪುಡಿಯನ್ನು ಧೂಳಾಗಿ ಎಬ್ಬಿಸಿ ಅದರ ಬಿಗಿಯನ್ನು ಸಡಿಲಿಸಿದವು. 1902ರಲ್ಲಿ ಮೊನಾಕೊದಲ್ಲಿ ವೈದ್ಯ ಗುಲ್ಯೆಲ್ಮಿನೆಟ್ಟಿ ಧೂಳಡಗಿಸಲು ರಸ್ತೆಗೆ ಡಾಂಬರು ಬಳಿಸಿದನು. ಅದೇ ವರ್ಷ ಇಂಗ್ಲೆಂಡಿನಲ್ಲಿ ಎಡ್ಗರ್ ಹೂಲಿ ಡಾಂಬರು ಬೆರೆಸಿದ ಜಲ್ಲಿಗೆ ಹಕ್ಕುಪತ್ರ ಪಡೆದನು. ಕಲ್ಲಿದ್ದಲಿನಿಂದ ಬರುವ ಟಾರಿಗೂ ಪೆಟ್ರೋಲಿಯಮ್ಮಿನಿಂದ ಬರುವ ಬಿಟುಮೆನ್ನಿಗೂ ಕನ್ನಡದಲ್ಲಿ ‘ಡಾಂಬರು’ ಎಂಬ ಒಂದೇ ಹೆಸರು ನಿಂತಿತು. ಭಾರತದಲ್ಲಿ 1927ರ ಜಯಕರ್ ಸಮಿತಿಯ ಶಿಫಾರಸಿನ ಫಲವಾಗಿ 1934ರಲ್ಲಿ ಭಾರತೀಯ ರಸ್ತೆ ಕಾಂಗ್ರೆಸ್ ಹುಟ್ಟಿತು. 1952ರಲ್ಲಿ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು.

5. ಬಸ್ಸು ಮತ್ತು ನಿಂತ ಭಾರ

ಬೆಂಗಳೂರಿನಲ್ಲಿ 1940ರಲ್ಲಿ ಆರಂಭವಾದ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ 1956ರಲ್ಲಿ ಸರ್ಕಾರದ ವಶಕ್ಕೆ ಬಂದು ಬಿಟಿಎಸ್ ಆಯಿತು. 1997ರಲ್ಲಿ ನಗರ ಸಾರಿಗೆ ಪ್ರತ್ಯೇಕಗೊಂಡು ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ ರೂಪುಗೊಂಡಿತು. 2006ರಲ್ಲಿ ತಗ್ಗುನೆಲದ ವೋಲ್ವೊ ಬಸ್ಸುಗಳು ನಗರದ ಬೀದಿಗಿಳಿದವು. ಈಚಿನ ವರ್ಷಗಳಲ್ಲಿ ವಿದ್ಯುತ್ ಬಸ್ಸುಗಳು ಸೇರಿಕೊಂಡಿವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಹೆಚ್ಚಿನ ಸಂಖ್ಯೆಯ ಮಹಿಳೆಯರು ಬಸ್ಸನ್ನು ಅವಲಂಬಿಸಿದ್ದಾರೆ. ವಾಹನ ಬದಲಾಯಿತು, ತೂಕ ಬದಲಾಯಿತು, ಜನ ಹೆಚ್ಚಿದರು. ಬಸ್ಸು ನಿಲ್ಲುವ ಆ ಹತ್ತಿಪ್ಪತ್ತು ಮೀಟರು ರಸ್ತೆಯನ್ನು ಮಾತ್ರ ಬಹಳಷ್ಟು ಕಡೆ ಉಳಿದ ರಸ್ತೆಯಂತೆಯೇ ಕಟ್ಟಲಾಗುತ್ತಿದೆ.

ಅಲ್ಲಿ ಜಾಡು ಬೀಳಲು ಐದು ಕಾರಣಗಳನ್ನು ಗುರುತಿಸಬಹುದು.

ಮೊದಲನೆಯದು ತೂಕ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ದೊಡ್ಡ ರಸ್ತೆ ಪ್ರಯೋಗದಿಂದ, ರಸ್ತೆಗಾಗುವ ಹಾನಿ ಅಚ್ಚಿನ ಭಾರದ ಸುಮಾರು ನಾಲ್ಕನೆಯ ಘಾತದಂತೆ ಏರುತ್ತದೆ ಎಂಬ ಸ್ಥೂಲ ನಿಯಮ ಹೊರಬಂದಿತು. ಭಾರ ಇಮ್ಮಡಿಯಾದರೆ ಹಾನಿ 16 ಪಟ್ಟಾಗುತ್ತದೆ. ಭಾರತದಲ್ಲಿ ಒಂಟಿ ಅಚ್ಚಿನ ಭಾರದ ಮಿತಿಯನ್ನು 2018ರಲ್ಲಿ 10.2 ಟನ್ನಿನಿಂದ 11.5 ಟನ್ನಿಗೆ ಏರಿಸಲಾಯಿತು. ಏರಿಕೆ ಶೇಕಡ 13ರಷ್ಟು. ಈ ನಿಯಮದ ಪ್ರಕಾರ ಹಾನಿಯ ಏರಿಕೆ ಶೇಕಡ 60ರಷ್ಟು.

ಎರಡನೆಯದು ಕಾಲ. ಡಾಂಬರು ಪೂರ್ಣವಾಗಿ ಘನವೂ ಅಲ್ಲ, ಪೂರ್ಣವಾಗಿ ದ್ರವವೂ ಅಲ್ಲ. ಥಟ್ಟನೆ ಬಿದ್ದ ಭಾರಕ್ಕೆ ಅದು ಗಟ್ಟಿ, ನಿಂತ ಭಾರಕ್ಕೆ ಮೆತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗುವ ಗಾಲಿ ರಸ್ತೆಯ ಒಂದು ಬಿಂದುವನ್ನು ಒತ್ತುವುದು ಸೆಕೆಂಡಿನ ನೂರನೆಯ ಒಂದೆರಡು ಭಾಗದಷ್ಟು ಹೊತ್ತು ಮಾತ್ರ. ಜನ ಹತ್ತಿ ಇಳಿಯಲು 20 ಸೆಕೆಂಡು ನಿಂತ ಬಸ್ಸಿನ ಗಾಲಿ ಅದೇ ಬಿಂದುವನ್ನು ಸಾವಿರ ಪಟ್ಟಿಗೂ ಹೆಚ್ಚು ಹೊತ್ತು ಒತ್ತುತ್ತದೆ. ಬೆಲ್ಲದ ಪಾಕದ ಮೇಲೆ ಬೆರಳು ತಾಗಿಸಿ ತೆಗೆಯುವುದಕ್ಕೂ ಒತ್ತಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸವಿದು.

ಮೂರನೆಯದು ಬಿಸಿಲು. ಬೇಸಿಗೆಯ ನಡುಹಗಲಿನಲ್ಲಿ ಕಪ್ಪು ರಸ್ತೆಯ ಮೈ 60 ಡಿಗ್ರಿ ಸೆಲ್ಸಿಯಸ್‌ನ ಸಮೀಪಕ್ಕೆ ಕಾಯಬಲ್ಲದು. ಆಗ ಬಿಟುಮೆನ್ ಮೆದುವಾಗುತ್ತದೆ. 2006ರಲ್ಲಿ ಭಾರತೀಯ ಮಾನಕ ಸಂಸ್ಥೆ ಬಿಟುಮೆನ್ನಿನ ವರ್ಗೀಕರಣವನ್ನು ಪರಿಷ್ಕರಿಸಿ, ಸೂಜಿ ಇಳಿಯುವ ಆಳದ ಬದಲು 60 ಡಿಗ್ರಿಯಲ್ಲಿನ ಸ್ನಿಗ್ಧತೆಯನ್ನು ಆಧಾರವಾಗಿ ತೆಗೆದುಕೊಂಡಿತು. ಜಾಡಿಗೆ ಕಾರಣವಾಗುವ ಬಿಸಿಯಲ್ಲಿಯೇ ಸಾಮಗ್ರಿಯನ್ನು ಪರೀಕ್ಷಿಸಬೇಕು ಎಂಬ ವಿವೇಕ ಇದರ ಹಿಂದಿದೆ.

ನಾಲ್ಕನೆಯದು ಬ್ರೇಕು. ನಿಲ್ಲುವಾಗ ಗಾಲಿ ರಸ್ತೆಯನ್ನು ಮುಂದಕ್ಕೆ ತಳ್ಳುತ್ತದೆ, ಹೊರಡುವಾಗ ಹಿಂದಕ್ಕೆ ಒದೆಯುತ್ತದೆ. ಮೆದುವಾದ ಡಾಂಬರು ಈ ತಳ್ಳಾಟದಲ್ಲಿ ಅಲೆಅಲೆಯಾಗಿ ಸರಿಯುತ್ತದೆ. ಎಂಜಿನ್ನಿನಿಂದ ತೊಟ್ಟಿಕ್ಕುವ ಡೀಸೆಲ್, ಎಣ್ಣೆಗಳು ಬಿಟುಮೆನ್ನನ್ನು ಕರಗಿಸಿ ಅದನ್ನು ಮತ್ತಷ್ಟು ಮೆದುಗೊಳಿಸುತ್ತವೆ.

ಐದನೆಯದು ನೀರು. ರಸ್ತೆಯ ನಡು ಎತ್ತರ, ಅಂಚು ತಗ್ಗು. ನೀರು ಅಂಚಿಗೆ ಹರಿಯುತ್ತದೆ. ಬಸ್ಸು ನಿಲ್ಲುವುದೂ ಅಂಚಿನಲ್ಲಿಯೇ. ಚರಂಡಿ ಕಟ್ಟಿಕೊಂಡಾಗ ನೀರು ಅಲ್ಲಿಯೇ ನಿಂತು ತಳಕ್ಕಿಳಿಯುತ್ತದೆ. ಕೊಳವೆ, ತಂತಿಗಳಿಗಾಗಿ ಅಗೆದು ಸರಿಯಾಗಿ ದಮ್ಮಸು ಮಾಡದೆ ಮುಚ್ಚಿದ ಕಾಲುವೆಗಳೂ ಬಹುಪಾಲು ಇದೇ ಅಂಚಿನಲ್ಲಿ ಇರುತ್ತವೆ. ಹೀಗೆ ಅತಿ ಭಾರದ ವಾಹನ, ಅತಿ ಹೆಚ್ಚು ಹೊತ್ತು, ರಸ್ತೆಯ ಅತಿ ದುರ್ಬಲ ಭಾಗದಲ್ಲಿ ನಿಲ್ಲುತ್ತದೆ.

6. ಜಾಡನ್ನು ಓದುವುದು, ಸರಿಪಡಿಸುವುದು

ದುರಸ್ತಿಯ ಮೊದಲ ಹೆಜ್ಜೆ ಜಾಡನ್ನು ಓದುವುದು. ಜಾಡು ಇಕ್ಕಟ್ಟಾಗಿದ್ದು ಎರಡೂ ಬದಿಯಲ್ಲಿ ಡಾಂಬರು ಉಬ್ಬಿದ್ದರೆ ದೋಷ ಮೇಲಿನ ಡಾಂಬರು ಪದರದಲ್ಲಿದೆ: ಬಿಟುಮೆನ್ ಹೆಚ್ಚಾಗಿದೆ ಅಥವಾ ಮೆದುವಾಗಿದೆ, ಇಲ್ಲವೆ ಜಲ್ಲಿ ದುಂಡಗಿದೆ. ಜಾಡು ಅಗಲವಾಗಿ ತಟ್ಟೆಯಂತೆ ಕುಸಿದಿದ್ದು ಬದಿಯಲ್ಲಿ ಉಬ್ಬು ಇಲ್ಲದಿದ್ದರೆ ದೋಷ ಕೆಳಗಿನ ಜಲ್ಲಿ ಹಾಸಿನಲ್ಲಿ ಅಥವಾ ನೆಲದಲ್ಲಿದೆ. ಸಂದೇಹವಿದ್ದರೆ ರಸ್ತೆಗೆ ಅಡ್ಡಲಾಗಿ ಒಂದು ಕಾಲುವೆ ತೆಗೆದು ಯಾವ ಪದರ ಬಾಗಿದೆ ಎಂದು ಕಣ್ಣಾರೆ ನೋಡುವುದು ಎಲ್ಲಕ್ಕಿಂತ ಖಚಿತವಾದ ಮಾರ್ಗ. ಆಳವನ್ನು ಅಳೆಯಲು ಅಡ್ಡಲಾಗಿ ಇಟ್ಟ ನೇರವಾದ ಪಟ್ಟಿ ಮತ್ತು ಅಳತೆಗೋಲು ಸಾಕು. ಭಾರತೀಯ ರಸ್ತೆ ಕಾಂಗ್ರೆಸ್ಸಿನ 2001ರ ವಿನ್ಯಾಸ ಮಾರ್ಗಸೂಚಿ 20 ಮಿಲಿಮೀಟರ್ ಆಳದ ಜಾಡನ್ನು ರಸ್ತೆ ಸೋತ ಮಟ್ಟವೆಂದು ಪರಿಗಣಿಸಿತು. 2012 ಹಾಗೂ 2018ರ ಪರಿಷ್ಕರಣೆಗಳೂ ಇದನ್ನೇ ಮುಂದುವರಿಸಿವೆ.

ಜಾಡಿನ ಮೇಲೆ ತೆಳುವಾದ ಹೊಸ ಡಾಂಬರು ಹೊದಿಸುವ ‘ತೇಪೆ’ ಏಕೆ ನಿಲ್ಲುವುದಿಲ್ಲ ಎಂಬುದಕ್ಕೆ ಎರಡು ಕಾರಣಗಳಿವೆ. ಸರಿದ ಹಳೆಯ ಮಿಶ್ರಣ ಕೆಳಗೆ ಹಾಗೆಯೇ ಉಳಿದು ಮುಂದೆಯೂ ಸರಿಯುತ್ತಲೇ ಇರುತ್ತದೆ. ಅಲ್ಲದೆ ಹೊಸ ಡಾಂಬರು ತಗ್ಗಿನಲ್ಲಿ ದಪ್ಪವಾಗಿ, ಉಬ್ಬಿನ ಮೇಲೆ ತೆಳುವಾಗಿ ಬೀಳುತ್ತದೆ. ರೋಲರಿನ ಭಾರ ಉಬ್ಬುಗಳ ಮೇಲೆಯೇ ನಿಲ್ಲುವುದರಿಂದ ತಗ್ಗಿನಲ್ಲಿರುವುದು ಸರಿಯಾಗಿ ಅಮುಕುವುದಿಲ್ಲ. ಅಮುಕಬೇಕಾದ ಉಳಿದ ಕೆಲಸವನ್ನು ಬಸ್ಸಿನ ಗಾಲಿಗಳು ಪೂರೈಸುತ್ತವೆ, ಅದೇ ಹಳೆಯ ಗೆರೆಯಲ್ಲಿ.

ಸರಿಯಾದ ಕ್ರಮದಲ್ಲಿ ಬಾಗಿದ ಪದರವನ್ನು ಅದರ ಪೂರ್ಣ ಆಳದವರೆಗೆ ಯಂತ್ರದಿಂದ ಕೆತ್ತಿ ತೆಗೆಯಬೇಕು. ನೆಲವೇ ಕುಸಿದಿದ್ದರೆ ಜಲ್ಲಿ ಹಾಸನ್ನೂ ತೆಗೆದು, ಮೆದು ಮಣ್ಣನ್ನು ಬದಲಿಸಿ, ಚರಂಡಿಗೆ ನೀರು ಹೋಗುವ ದಾರಿಯನ್ನು ಮೊದಲು ಸರಿಪಡಿಸಬೇಕು. ಅನಂತರ ಹಾಕುವ ಮಿಶ್ರಣ ನಿಂತ ಭಾರಕ್ಕೆ ತಕ್ಕದ್ದಾಗಿರಬೇಕು: ಮೂಲೆಯುಳ್ಳ ಗಟ್ಟಿ ಜಲ್ಲಿ, ಹೆಚ್ಚು ಸ್ನಿಗ್ಧತೆಯ ಅಥವಾ ಪಾಲಿಮರ್ ಬೆರೆಸಿದ ಬಿಟುಮೆನ್, ಅಳತೆ ಮೀರದ ಬಿಟುಮೆನ್ ಪ್ರಮಾಣ. ಗಾಳಿಯ ಅವಕಾಶವೂ ಮುಖ್ಯ. ಅಮುಕಿದ ಮಿಶ್ರಣದಲ್ಲಿ ಅದು ಶೇಕಡ 3ಕ್ಕಿಂತ ಕೆಳಗಿಳಿದರೆ ಜಲ್ಲಿಗಳು ಒಂದನ್ನೊಂದು ಕಚ್ಚುವ ಬದಲು ಬಿಟುಮೆನ್ನಿನಲ್ಲಿ ತೇಲತೊಡಗುತ್ತವೆ. ಜರ್ಮನಿಯಲ್ಲಿ 1960ರ ದಶಕದಲ್ಲಿ ರೂಪುಗೊಂಡ ಕಲ್ಲುಹಂದರದ ಡಾಂಬರು ಇದೇ ತತ್ತ್ವದ್ದು. ಅದರಲ್ಲಿ ದಪ್ಪ ಜಲ್ಲಿ ಜಲ್ಲಿಗೆ ತಾಗಿ ನಿಂತು ಭಾರ ಹೊರುತ್ತದೆ, ನಡುವಿನ ಸಂದಿಯನ್ನು ನಾರು ಬೆರೆಸಿದ ಬಿಟುಮೆನ್ ತುಂಬುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ 2008ರಲ್ಲಿ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. 1950ರ ದಶಕದ ಫ್ರಾನ್ಸಿನಲ್ಲಿ ವಿಮಾನ ನೆಲೆಗಳಿಗಾಗಿ ಬೆಳೆದ ಇನ್ನೊಂದು ಕ್ರಮದಲ್ಲಿ, ಸಂದುಗಳುಳ್ಳ ಡಾಂಬರಿನ ಹಾಸಿಗೆ ತೆಳುವಾದ ಸಿಮೆಂಟ್ ಗಾರೆಯನ್ನು ಸುರಿದು ತುಂಬುತ್ತಾರೆ. ಡಾಂಬರಿನ ಬಾಗುವ ಗುಣ, ಸಿಮೆಂಟಿನ ಗಟ್ಟಿತನ ಎರಡೂ ಅದರಲ್ಲಿ ಸೇರುತ್ತವೆ.

7. ಕಾಂಕ್ರೀಟ್ ಹಾಸು ಮತ್ತು ಅದರ ಮಿತಿ

ಬಸ್ಸು ನಿಲ್ಲುವ ಕಡೆ ಮಾತ್ರ ಕಾಂಕ್ರೀಟ್ ಹಾಸು ಹಾಕುವುದು ಅನೇಕ ದೇಶಗಳಲ್ಲಿ ನೆಲೆಗೊಂಡ ಪದ್ಧತಿ. ಕಾಂಕ್ರೀಟ್ ಬಿಸಿಲಿಗೆ ಮೆದುವಾಗುವುದಿಲ್ಲ, ನಿಂತ ಭಾರಕ್ಕೆ ಸರಿಯುವುದಿಲ್ಲ, ಡೀಸೆಲ್‌ಗೆ ಕರಗುವುದಿಲ್ಲ. ತೇರಿನ ನೆಲೆಯ ಚಪ್ಪಡಿಯಲ್ಲಿ ಕಂಡ ತಿಳಿವು ಇಲ್ಲಿ ಹೊಸ ಸಾಮಗ್ರಿಯಲ್ಲಿ ಮರಳಿದೆ. ಹಾಸು ಬಸ್ಸಿನ ಉದ್ದಕ್ಕಷ್ಟೇ ಇದ್ದರೆ ಸಾಲದು. 12 ಮೀಟರ್ ಉದ್ದದ ಎರಡು ಬಸ್ಸುಗಳು ಒಟ್ಟಿಗೆ ನಿಲ್ಲುವಲ್ಲಿ ಅವುಗಳ ನಡುವಣ ಅಂತರವನ್ನೂ ಬ್ರೇಕು ಹಾಕುವ, ಹೊರಡುವ ಜಾಗವನ್ನೂ ಸೇರಿಸಿಕೊಳ್ಳಬೇಕು. ಇಲ್ಲವಾದರೆ ಜಾಡು ಹಾಸಿನ ಅಂಚಿಗೆ ಸರಿದು ಅಲ್ಲಿ ಮೆಟ್ಟಿಲಾಗುತ್ತದೆ.

ಆದರೆ ಕಾಂಕ್ರೀಟೇ ಪರಿಹಾರವೆಂದು ನಂಬುವುದೂ ತಪ್ಪು. ಕೊಲಂಬಿಯಾದ ಬೊಗೊಟಾ ನಗರದಲ್ಲಿ 2000ದ ಡಿಸೆಂಬರಿನಲ್ಲಿ ಆರಂಭವಾದ ಟ್ರಾನ್ಸ್‌ಮಿಲೆನಿಯೊ ಬಸ್ ವ್ಯವಸ್ಥೆಗಾಗಿ ಕಾಂಕ್ರೀಟ್ ಚಪ್ಪಡಿಗಳನ್ನು ಹಾಸಲಾಗಿತ್ತು. ಅವು ಕೆಲವೇ ವರ್ಷಗಳಲ್ಲಿ ಒಡೆಯತೊಡಗಿ ನಗರಕ್ಕೆ ಭಾರಿ ದುರಸ್ತಿ ವೆಚ್ಚ ತಂದವು. ಚಪ್ಪಡಿಯ ಕೆಳಗಿನ ತುಂಬುಹಾಸು ಸೇರಿದ ನೀರಿಗೆ, ಬಸ್ಸಿನ ಭಾರಕ್ಕೆ ನಿಲ್ಲಲಿಲ್ಲ. ನೆಲ ಒಣಗಿರಬೇಕೆಂಬ ಮೆಕಾಡಮ್‌ನ ಮಾತು ಅಲ್ಲಿ ಮತ್ತೊಮ್ಮೆ ದುಬಾರಿಯಾಗಿ ರುಜುವಾತಾಯಿತು.

ಬೆಂಗಳೂರಿನಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಕಳೆದ ದಶಕದ ಉತ್ತರಾರ್ಧದಲ್ಲಿ ಮುಖ್ಯ ರಸ್ತೆಗಳಿಗೆ ಕಾಂಕ್ರೀಟ್ ಮೇಲ್ಹೊದಿಕೆ ಹಾಕುವ ‘ವೈಟ್‌ಟಾಪಿಂಗ್’ ಕಾಮಗಾರಿಯನ್ನು ಕೈಗೊಂಡಿತು. ಇಂಥ ರಸ್ತೆಗಳಲ್ಲಿ ಡಾಂಬರಿನ ಜಾಡು ಮೂಡುವುದಿಲ್ಲ. ಆದರೆ ಕಾಂಕ್ರೀಟ್ ಬಲಗೊಳ್ಳುವವರೆಗೆ ಸಂಚಾರ ನಿಲ್ಲಿಸಬೇಕಾಗುತ್ತದೆ, ಕೆಳಗಿನ ಕೊಳವೆಗಳ ದುರಸ್ತಿ ಕಷ್ಟವಾಗುತ್ತದೆ, ವೆಚ್ಚವೂ ಹೆಚ್ಚು. ಇಡೀ ರಸ್ತೆಗೆ ಹೊದಿಸಲು ಹಣವಿಲ್ಲದ ಊರುಗಳು ನಿಲುಗಡೆಗಳಿಗಷ್ಟೇ ಹಾಸು ಹಾಕಿ ಹೆಚ್ಚಿನ ಪ್ರಯೋಜನ ಪಡೆಯಬಹುದು. ಭಾರ ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಬಲ ಹಾಕುವುದು ಮಿತವ್ಯಯದ ಕ್ರಮವೂ ಹೌದು.

8. ಉಪಸಂಹಾರ

ಬಸ್ ನಿಲುಗಡೆಯ ಜಾಡು ವಾಹನದ ಸಮಸ್ಯೆಗಿಂತ ಹೆಚ್ಚಾಗಿ ಕಾಯುವವರ ಸಮಸ್ಯೆ. ಮಳೆ ಬಂದಾಗ ಜಾಡಿನಲ್ಲಿ ನೀರು ನಿಲ್ಲುತ್ತದೆ. ಬಂದ ಬಸ್ಸು ಅದನ್ನು ನಿಂತವರ ಮೈಮೇಲೆ ಎರಚುತ್ತದೆ. ಚಾಲಕನು ನೀರನ್ನು ತಪ್ಪಿಸಲು ಕಾಲುದಾರಿಯ ಅಂಚಿನಿಂದ ದೂರ ನಿಲ್ಲಿಸಿದರೆ ಪ್ರಯಾಣಿಕರು ರಸ್ತೆಗೆ ಇಳಿದು, ತಗ್ಗು ದಾಟಿ, ಎತ್ತರದ ಮೆಟ್ಟಿಲು ಹತ್ತಬೇಕು. ಬಸುರಿಯರಿಗೆ, ಮುದುಕರಿಗೆ, ತಲೆಯ ಮೇಲೆ ಹೊರೆ ಹೊತ್ತವರಿಗೆ, ಗಾಲಿಕುರ್ಚಿಯವರಿಗೆ ಅಂಗೈಯಗಲದ ಈ ಅಂತರ ಬಸ್ಸು ಸಿಗುವುದಕ್ಕೂ ತಪ್ಪುವುದಕ್ಕೂ ನಡುವಿನ ಅಂತರವಾಗುತ್ತದೆ. ಹೆಚ್ಚಿನ ವೆಚ್ಚದಲ್ಲಿ ತಂದ ತಗ್ಗುನೆಲದ ಬಸ್ಸಿನ ಉದ್ದೇಶ ಅದರ ಗಾಲಿಯ ಕೆಳಗಿನ ತಗ್ಗಿನಲ್ಲಿ ಸೋಲುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಸಾರಿಗೆ ಎಲ್ಲರಿಗೂ ಎಟುಕುವಂತಿರಬೇಕು ಎನ್ನುತ್ತದೆ. ಆ ಎಟುಕು ಆರಂಭವಾಗುವುದು ನಿಲುಗಡೆಯ ನೆಲದಲ್ಲಿ.

ಬೆಂಗಳೂರಿನ ರಸ್ತೆಗುಂಡಿಗಳ ಕುರಿತು 2015ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ದಾಖಲಾದಂದಿನಿಂದ ಗುಂಡಿಗಳ ಎಣಿಕೆ, ಮುಚ್ಚುವ ಗಡುವು ಸಾರ್ವಜನಿಕ ಚರ್ಚೆಯ ಭಾಗವಾಗಿವೆ. ಇದು ಅಗತ್ಯವಾದ ಕೆಲಸ. ಆದರೆ ಎಣಿಕೆಗೆ ಸಿಗುವುದು ಹೆಸರಿರುವುದು ಮಾತ್ರ. ಜಾಡನ್ನು ಗುಂಡಿಯೆಂದು ಬರೆದುಕೊಂಡಲ್ಲಿ ತುಂಬಿ ಮುಗಿಸುವ ಕಾಮಗಾರಿಯೇ ಹೊರಡುತ್ತದೆ. ಅದು ಮರಳಿ ಮೂಡಿದಾಗ ಮತ್ತೊಂದು ಗುಂಡಿಯಾಗಿ ಲೆಕ್ಕಕ್ಕೆ ಸೇರುತ್ತದೆ. ಒಂದೇ ಕಡೆಗೆ ಸಾರ್ವಜನಿಕ ಹಣ ಮತ್ತೆ ಮತ್ತೆ ಹೋಗುವುದರಲ್ಲಿ ಭಾಷೆಯ ಈ ಮಸುಕಿಗೂ ಪಾಲಿದೆ.

ಆದ್ದರಿಂದ ಜಾನಪದ ಪದಕೋಶಗಳ ಸಂಗ್ರಹವನ್ನು ಕಳೆದುಹೋದ ಬಾಳಿನ ಸ್ಮರಣೆ ಎಂದಷ್ಟೇ ಕಾಣುವುದು ಸಾಲದು. ಬಂಡಿ, ಗಾಲಿ, ಹಾದಿಗಳಿಗೆ ಸಂಬಂಧಿಸಿದ ಪದಗಳನ್ನು ಸೀಮೆವಾರು ಸಂಗ್ರಹಿಸುವ ಕೆಲಸ ಆ ಬದುಕನ್ನು ಬಾಳಿದ ಹಿರಿಯರು ಇರುವಾಗಲೇ ಆಗಬೇಕು. ಲೋಕೋಪಯೋಗಿ ಇಲಾಖೆಯ, ನಗರ ಪಾಲಿಕೆಗಳ ಕನ್ನಡ ಪರಿಭಾಷೆಯಲ್ಲಿ ‘ಗುಂಡಿ’, ‘ಜಾಡು’, ‘ಕೊರಕಲು’, ‘ಉಬ್ಬು’ ಇವುಗಳನ್ನು ಬೇರೆ ಬೇರೆ ದೋಷಗಳಾಗಿ ದಾಖಲಿಸುವ ವ್ಯವಸ್ಥೆ ಬಂದರೆ ಪ್ರತಿಯೊಂದಕ್ಕೂ ತಕ್ಕ ದುರಸ್ತಿಯನ್ನು ಕೇಳುವ ಮಾತು ನಾಗರಿಕರಿಗೂ ದಕ್ಕುತ್ತದೆ. ನಿಲುಗಡೆಯಲ್ಲಿ ಕಾಯುವವರು ತಮ್ಮ ಮುಂದಿರುವುದು ಗುಂಡಿಯಲ್ಲ, ಜಾಡು ಎಂದು ಬರೆದು ಕೊಟ್ಟ ದಿನ, ಬಂದ ಲಾರಿಯಲ್ಲಿ ತೇಪೆಯ ಡಾಂಬರಿನ ಜೊತೆ ಕೆತ್ತುವ ಯಂತ್ರವೂ ಬಂದಿದೆಯೆ ಎಂದು ಅವರು ಕೇಳಬಲ್ಲರು.